ಅಂಟಿನ ತೊಲೆಯ ಸತ್ತ್ವಪರೀಕ್ಷೆ

ಮುಂಡರಗಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಡಕ್ಕೆ ಹತ್ತಿಕೊಂಡಿರುವ ಕೊರ್ಲಹಳ್ಳಿಯಂತಹ ಊರುಗಳಲ್ಲಿ, ಸಿಮೆಂಟಿನ ಛಾವಣಿ ಬರುವುದಕ್ಕೆ ಬಹು ಮುಂಚಿನಿಂದ ನಿಂತುಬಂದ ಹಳೆಯ ಮಾಳಿಗೆಮನೆಯೊಂದನ್ನು ಹೊಕ್ಕು, ಪಡಸಾಲೆಯ ನಡುವೆ ನಿಂತು ತಲೆಯೆತ್ತಿ ನೋಡುವವರಿಗೆ, ಆ ಮನೆಯ ಭಾರವನ್ನೆಲ್ಲ ಹೊತ್ತಿರುವುದು ಯಾವುದೆಂಬುದು ಯಾರೂ ಹೇಳದೆಯೇ ತಿಳಿಯುತ್ತದೆ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತಿಗಳ ಸಾಲು, ಜಂತಿಗಳ ಮೇಲೆ ಹಲಗೆಯ ಹಾಸು, ಆ ಹಾಸಿನ ಮೇಲೆ ಬೇಸಗೆಯ ಉರಿಯನ್ನು ಒಳಕ್ಕೆ ಬಿಡದ ಮೇಲ್ಮುದ್ದೆಯ ಮಣ್ಣು: ಇದು ಗದಗ ಸೀಮೆಯ ಬಯಲುನಾಡು ತನ್ನ ಹವೆಗೂ ತನ್ನ ಮಣ್ಣಿಗೂ ಹೊಂದುವಂತೆ ತಲೆಮಾರುಗಳ ಅನುಭವದಿಂದ ರೂಪಿಸಿಕೊಂಡ ಗೃಹರಚನೆ. ಒಂದು ಅಡಿ ದಪ್ಪದ ಮಣ್ಣು ಒಣಗಿದ್ದಾಗಲೂ ಚದರ ಮೀಟರಿಗೆ ಸುಮಾರು 5 ಕ್ವಿಂಟಲಿನಷ್ಟು ತೂಗುತ್ತದೆ. 3 ಮೀಟರ್ ಅಗಲ, 4 ಮೀಟರ್ ಉದ್ದದ ಸಾಮಾನ್ಯ ಕೋಣೆಯೊಂದರ ಮೇಲೆ ಹಾಗೆ 60 ಕ್ವಿಂಟಲಿನ ಭಾರ ಹಗಲಿರುಳೂ ಕುಳಿತಿರುತ್ತದೆಂದಾಯಿತು. ಮಳೆ ಹಿಡಿದು ಮಣ್ಣು ನೀರು ಕುಡಿದರೆ ಅದು ಇನ್ನೂ ಏರುತ್ತದೆ. 2009ರ ಸೆಪ್ಟೆಂಬರಿನ ಕೊನೆಯಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ಮಹಾವೃಷ್ಟಿಯಲ್ಲಿ ಎಷ್ಟೊಂದು ಮಣ್ಣಿನ ಮನೆಗಳು ಕುಸಿದವೆಂಬುದನ್ನು ಆ ಸೀಮೆಯವರು ಮರೆತಿಲ್ಲ.

ಆ ತೊಲೆಗಳ ಮರ ಬಹುಮಟ್ಟಿಗೆ ಈ ಬಯಲಿನದಲ್ಲ. ಕಪ್ಪತಗುಡ್ಡದ ಸಾಲು ಔಷಧಿಯ ಗಿಡಮೂಲಿಕೆಗಳಿಗೆ ಹೆಸರಾದದ್ದೇ ಹೊರತು ಉದ್ದನೆಯ ನೇರ ದಿಮ್ಮಿಗಳಿಗಲ್ಲ. ಅನುಕೂಲವುಳ್ಳವರು ಪಡುವಣದ ಕಾಡುಗಳಿಂದ ಸಾಗವಾನಿಯನ್ನೋ ಮತ್ತಿಯನ್ನೋ ತರಿಸುತ್ತಿದ್ದರು. ಇಲ್ಲದವರು ಹೊಲದ ಬದುವಿನ ಬೇವು, ಕರಿಜಾಲಿಗಳಲ್ಲಿ ತಕ್ಕಮಟ್ಟಿಗೆ ನೆಟ್ಟಗಿದ್ದುದನ್ನು ಆರಿಸಿ, ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಿ ಕೆಲಸ ಸಾಗಿಸುತ್ತಿದ್ದರು. ಇದೇ ತಾಲ್ಲೂಕಿನ ಡಂಬಳದ ದೊಡ್ಡಬಸಪ್ಪನ ಗುಡಿಯಲ್ಲಿ ಕಲ್ಲಿನ ತೊಲೆಗಳನ್ನು ಹೊತ್ತ ಕಂಬಗಳು ಹತ್ತಿರ ಹತ್ತಿರ ನಿಂತಿರುವುದಕ್ಕೂ ಕಾರಣ ಅದೇ ಬಗೆಯದು: ಕಲ್ಲು ಅದುಮುವ ಬಲವನ್ನು ಅಪಾರವಾಗಿ ತಾಳಬಲ್ಲುದಾದರೂ ಎಳೆಯುವ ಬಲಕ್ಕೆ ಬೇಗ ಬಿರಿಯುವುದರಿಂದ, ಅದನ್ನು ದೂರದವರೆಗೆ ಅಡ್ಡ ಹಾಕುವಂತಿಲ್ಲ. ಮರವಾದರೋ ಎರಡನ್ನೂ ತಾಳುತ್ತದೆ. ಆದುದರಿಂದಲೇ ಮನುಷ್ಯನು ವಿಶಾಲವಾದ ಕೋಣೆಯನ್ನು ಬಯಸಿದಾಗಲೆಲ್ಲ ಮರದ ಮೊರೆ ಹೊಕ್ಕನು. ಆದರೆ ಉದ್ದವಾದ, ಗಂಟಿಲ್ಲದ, ನೇರ ನಾರಿನ ದಿಮ್ಮಿಯನ್ನು ಕೊಡುವ ವೃದ್ಧವೃಕ್ಷಗಳು ಕಾಡಿನಲ್ಲಿ ವಿರಳವಾದವು. 1993ರಲ್ಲಿ ಕೇಂದ್ರ ಲೋಕೋಪಯೋಗಿ ಇಲಾಖೆಯು ತನ್ನ ಕಟ್ಟಡಗಳಲ್ಲಿ ಮರವನ್ನು ಬಳಸಕೂಡದೆಂದು ನಿರ್ಬಂಧಿಸಿತು. ಆ ನಿರ್ಬಂಧ ತೆರವಾದದ್ದು 2020ರಲ್ಲಿ. ನಡುವಿನ ಇಪ್ಪತ್ತೇಳು ವರ್ಷಗಳಲ್ಲಿ ಒಂದಿಡೀ ಪೀಳಿಗೆಯ ಇಂಜಿನಿಯರುಗಳು ಮರದ ತೊಲೆಯ ಲೆಕ್ಕವನ್ನು ಕೈಯಿಂದ ಮಾಡದೆಯೇ ವೃತ್ತಿಯನ್ನು ಪಕ್ವಗೊಳಿಸಿಕೊಂಡರೆಂಬುದು ನನಗೆ ವಿಷಾದದ ಸಂಗತಿಯಾಗಿ ತೋರುತ್ತದೆ.

ದೊಡ್ಡ ಮರವಿಲ್ಲದೆ ದೊಡ್ಡ ತೊಲೆಯನ್ನು ಪಡೆಯುವ ಉಪಾಯವೆಂದರೆ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸುವುದು. ಜರ್ಮನಿಯ ವೈಮಾರಿನ ಬಡಗಿ ಓಟ್ಟೊ ಹೆಟ್ಸರ್ ಎಂಬಾತನು 1906ರಲ್ಲಿ, ಬಾಗಿಸಿದ ಹಲಗೆಗಳನ್ನು ಅಂಟಿನಿಂದ ಬೆಸೆದು ತೊಲೆಯನ್ನೂ ಕಮಾನನ್ನೂ ನಿರ್ಮಿಸುವ ಕ್ರಮಕ್ಕೆ ಪೇಟೆಂಟು ಪಡೆದನು. ಆ ಕಾಲದ ಅಂಟು ಹಾಲಿನಿಂದ ತೆಗೆದ ಕೇಸೀನು. ಒಣಗಿದಲ್ಲಿ ಗಟ್ಟಿ, ಒದ್ದೆಯಲ್ಲಿ ದುರ್ಬಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಿಸಾರ್ಸಿನಾಲ್ ಮೊದಲಾದ, ನೀರಿಗೆ ಜಗ್ಗದ ಕೃತಕ ರಾಳಗಳು ಬಂದಮೇಲೆ ಈ ವಿದ್ಯೆಗೆ ಹೊಸ ಪ್ರಾಣ ಬಂದಿತು. ನಾರ್ವೆಯ ಬ್ರುಮುಂಡ್ದಾಲ್ ಎಂಬಲ್ಲಿ 2019ರಲ್ಲಿ ಪೂರ್ಣಗೊಂಡ, 85.4 ಮೀಟರ್ ಎತ್ತರದ ಹದಿನೆಂಟು ಅಂತಸ್ತಿನ ಕಟ್ಟಡದ ಕಂಬತೊಲೆಗಳು ಇಂತಹ ಅಂಟಿನ ಮರದವು.

ಅಂಟು ಮಾಡುವ ಕೆಲಸವೇನೆಂಬುದನ್ನು ನಮ್ಮ ಕಡೆಯ ಕೌದಿ ಚೆನ್ನಾಗಿ ತೋರಿಸುತ್ತದೆ: ಹೊಲಿಗೆ ಹಾಕದೆ ಹಾಸಿದ ಹಳೆಯ ಬಟ್ಟೆಗಳು ಮಡಚಿದಾಗ ಒಂದರ ಮೇಲೊಂದು ಜಾರಿಹೋಗುತ್ತವೆ, ಒತ್ತೊತ್ತಾಗಿ ಓಟಿನ ಹೊಲಿಗೆ ಬಿದ್ದಮೇಲೆ ಅವೆಲ್ಲ ಒಂದೇ ದಪ್ಪನೆಯ ವಸ್ತುವಾಗಿ ಬಾಗಲು ಒಲ್ಲವಾಗುತ್ತವೆ. ಲೆಕ್ಕದಲ್ಲಿ ಹೇಳುವುದಾದರೆ, ಒಂದೇ ಅಳತೆಯ ನಾಲ್ಕು ಹಲಗೆಗಳನ್ನು ಬರಿದೇ ಒಂದರ ಮೇಲೊಂದು ಪೇರಿಸಿ ಭಾರವಿಟ್ಟರೆ ಅವುಗಳ ಬಿಗುಪು ಒಂದು ಹಲಗೆಯ ನಾಲ್ಕರಷ್ಟು ಮಾತ್ರ. ಅವೇ ನಾಲ್ಕನ್ನು ಜಾರದಂತೆ ಅಂಟಿಸಿದರೆ ಬಿಗುಪು ಅರವತ್ತನಾಲ್ಕರಷ್ಟಾಗುತ್ತದೆ, ಏಕೆಂದರೆ ಬಾಗದಿರುವ ಶಕ್ತಿಯು ತೊಲೆಯ ಆಳದ ಘನದಂತೆ ಬೆಳೆಯುತ್ತದೆ. ಮುರಿಯದಿರುವ ಶಕ್ತಿಯು ಆಳದ ವರ್ಗದಂತೆ ಬೆಳೆಯುವುದರಿಂದ ಅದು ಪೇರಿಸಿದ ಹಲಗೆಗಳ ನಾಲ್ಕು ಪಟ್ಟಾಗುತ್ತದೆ. ಮರ ಒಂದಿಷ್ಟೂ ಹೆಚ್ಚಲಿಲ್ಲ. ಹಲಗೆಗಳ ನಡುವಣ ಮೂರು ತೆಳುವಾದ ಅಂಟಿನ ಪದರಗಳು ಮಾತ್ರ ಹೊಸದಾಗಿ ಬಂದವು.

ಇದಕ್ಕಿಂತಲೂ ಕೌತುಕಕರವಾದ ಇನ್ನೊಂದು ಸಂಗತಿಯುಂಟು. ತೊಲೆ ಬಾಗುವಾಗ ಮೇಲ್ಭಾಗವು ಅದುಮಲ್ಪಡುತ್ತದೆ, ಕೆಳಭಾಗವು ಎಳೆಯಲ್ಪಡುತ್ತದೆ, ನಡುವೆ ಎಳೆತವೂ ಇಲ್ಲದ ಒತ್ತಡವೂ ಇಲ್ಲದ ತಟಸ್ಥವಾದ ಒಂದು ಪದರವಿರುತ್ತದೆ. ಆದುದರಿಂದ ತೊಲೆಯ ಆಳದ ನಡುವಣ ಅರ್ಧಭಾಗವು ಒಟ್ಟು ಬಿಗುಪಿಗೆ ಸಲ್ಲಿಸುವ ಕಾಣಿಕೆ ಎಂಟರಲ್ಲಿ ಒಂದು ಪಾಲು ಮಾತ್ರ. ಉಳಿದ ಏಳು ಪಾಲು ಮೇಲಿನ ಮತ್ತು ಕೆಳಗಿನ ಕಾಲು ಕಾಲು ಭಾಗಗಳದು. ಹೀಗಿರುವಲ್ಲಿ ಒಳಗಿನ ಅರ್ಧಕ್ಕೆ, ಹೊರಗಿನದರ ಅರ್ಧದಷ್ಟೇ ಬಿಗುಪುಳ್ಳ ಸಾಧಾರಣ ಮರವನ್ನು ಹಾಕಿದರೂ ನಷ್ಟವಾಗುವುದು ನೂರಕ್ಕೆ ಆರು ಅಥವಾ ಏಳರಷ್ಟು. ಉತ್ತಮವಾದ ಸಾಗವಾನಿ ಹಲಗೆಗಳನ್ನು ಮೇಲೆ ಕೆಳಗೆ ಇಟ್ಟು, ನಡುವೆ ತೋಟದಲ್ಲಿ ಬೆಳೆದ ಸಿಲ್ವರ್ ಓಕನ್ನೋ ರೈತರು ಈಚೆಗೆ ಬದುಗಳಲ್ಲಿ ನೆಡುತ್ತಿರುವ ಹೆಬ್ಬೇವನ್ನೋ ತುಂಬಿ, ಮಿಶ್ರಜಾತಿಯ ತೊಲೆಯನ್ನು ಮಾಡಬಹುದೆಂಬ ಭರವಸೆ ಹುಟ್ಟುವುದು ಈ ಗಣಿತದಿಂದ. ಹಳ್ಳದ ದಂಡೆಯಲ್ಲಿ ಮುಳ್ಳುಕಂಟಿಯಾಗಿ ಹಬ್ಬಿ, ಸೌದೆಯಾಗಿ ಉರಿಯುವುದಲ್ಲದೆ ಬೇರೆ ಮರ್ಯಾದೆಯನ್ನು ಕಾಣದ ಬಳ್ಳಾರಿ ಜಾಲಿಯ ಗಟ್ಟಿಯಾದ ಮೋಟು ತುಂಡುಗಳಿಗೂ ಇಂತಹ ತೊಲೆಯಲ್ಲಿ ಸ್ಥಾನ ದೊರೆಯುವುದೋ ಇಲ್ಲವೋ ಎಂಬುದು ನಮ್ಮ ಸೀಮೆಯವರು ಕೇಳಲೇಬೇಕಾದ ಪ್ರಶ್ನೆ.

ಆದರೆ ಈ ಗಣಿತವೆಲ್ಲ ನಿಂತಿರುವುದು ಅಂಟು ಬಿಡುವುದಿಲ್ಲವೆಂಬ ನಂಬಿಕೆಯ ಮೇಲೆ. ಇಡೀ ಮರದ ತೊಲೆಯ ಗುಣದೋಷಗಳು ಬಹುಮಟ್ಟಿಗೆ ಕಣ್ಣಿಗೆ ಕಾಣುತ್ತವೆ: ಗಂಟು, ಬಿರುಕು, ಓರೆಯಾದ ನಾರು, ಹುಳ ಹಿಡಿದ ತೂತು ಇವನ್ನು ಅನುಭವಿಯಾದ ಬಡಿಗನು ಮುಟ್ಟಿ, ತಟ್ಟಿ, ಸದ್ದು ಕೇಳಿ ಹೇಳಬಲ್ಲನು. ಅಂಟಿನ ಪದರವು ಹಲಗೆಗಳೊಳಗೆ ಹುದುಗಿರುವುದರಿಂದ, ಅದು ಬಿಗಿಯಾಗಿದೆಯೋ ಸಡಿಲವಾಗಿದೆಯೋ ಎಂಬುದು ಯಾವ ಬಡಿಗನ ಕೈಗೂ ತಿಳಿಯತಕ್ಕದ್ದಲ್ಲ. ಜರ್ಮನಿಯ ಬಾಟ್ ರೈಖನ್‌ಹಾಲ್ ಪಟ್ಟಣದಲ್ಲಿ 1970ರ ದಶಕದ ಆರಂಭದಲ್ಲಿ ಕಟ್ಟಿದ್ದ ಹಿಮಕ್ರೀಡಾಂಗಣದ ಮಾಡು 2006ರ ಜನವರಿ 2ರಂದು ಹಿಮದ ಭಾರಕ್ಕೆ ಕುಸಿದು ಹದಿನೈದು ಮಂದಿ ಸತ್ತರು. ಅವರಲ್ಲಿ ಹನ್ನೆರಡು ಮಂದಿ ಎಳೆಯರು. ಆ ಮಾಡನ್ನು ಹೊತ್ತಿದ್ದವು ಅಂಟಿನಿಂದ ಬೆಸೆದ ಪೆಟ್ಟಿಗೆಯಾಕಾರದ ಮರದ ತೊಲೆಗಳು. ತೇವಕ್ಕೆ ಕ್ರಮೇಣ ಸಾರವನ್ನು ಕಳೆದುಕೊಳ್ಳುವ ಯೂರಿಯಾ ರಾಳವನ್ನು ಅವುಗಳಿಗೆ ಬಳಸಲಾಗಿತ್ತು; 1.2 ಮೀಟರ್ ಆಳದವರೆಗಿನ ತೊಲೆಗೆ ಮಾತ್ರ ಇದ್ದ ಅನುಮತಿಯನ್ನು ಮೀರಿ ಎರಡು ಪಟ್ಟಿಗಿಂತಲೂ ಹೆಚ್ಚು ಆಳದ ತೊಲೆಗಳನ್ನು ಮಾಡಲಾಗಿತ್ತು. ಮೂರು ದಶಕಗಳ ಕಾಲ ಮಂಜಿನ ತೇವ ಆ ಅಂಟನ್ನು ತಿನ್ನುತ್ತಿದ್ದರೂ ಯಾರೂ ತೊಲೆಯ ಒಳಹೊಕ್ಕು ಪರಿಶೀಲಿಸಿರಲಿಲ್ಲ. ಆ ಮಕ್ಕಳ ಸಾವನ್ನು ನೆನೆದಾಗ, ಪರೀಕ್ಷೆಯೆಂಬುದು ವಿದ್ವಾಂಸರ ವಿಲಾಸವೆಂದು ಭಾವಿಸುವವರ ಮೇಲೆ ನನಗೆ ಕೋಪವೇ ಬರುತ್ತದೆ.

ನಮ್ಮ ನಾಡಿನಲ್ಲಿ ಇಂತಹ ಪರೀಕ್ಷೆಯ ಪರಂಪರೆ ಹೊಸದಲ್ಲ. ಮೈಸೂರು ಸಂಸ್ಥಾನವು 1938ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಅರಣ್ಯ ಸಂಶೋಧನಾಲಯವು 1956ರಲ್ಲಿ ಕೇಂದ್ರ ಸರ್ಕಾರದ ವಶಕ್ಕೆ ಸೇರಿ, 1977ರಲ್ಲಿ ಗಂಧದ ಮರದ ಸಂಶೋಧನಾ ಕೇಂದ್ರವಾಗಿ, 1988ರಿಂದ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೆಂಬ ಹೆಸರಿನಲ್ಲಿ ಮಲ್ಲೇಶ್ವರದಲ್ಲಿ ನಡೆದುಬಂದಿದೆ. ತುಮಕೂರು ರಸ್ತೆಯಲ್ಲಿ 1962ರಲ್ಲಿ ಆರಂಭವಾದ ಪ್ಲೈವುಡ್ ಉದ್ಯಮಗಳ ಸಂಶೋಧನಾ ಸಂಸ್ಥೆಯು ತೆಳುಪೊರೆಗಳನ್ನು ನಾರಿನ ನೇರಕ್ಕೇ ಅಂಟಿಸಿದ ದಿಮ್ಮಿ, ರಾಳದಿಂದ ಬೆಸೆದ ಬಿದಿರುಚಾಪೆಯ ಹಲಗೆ, ಅದೇ ಬಿದಿರುಚಾಪೆಯ ಸುಕ್ಕುತಗಡು ಮುಂತಾದವುಗಳನ್ನು ತೋಟದ ಮರದಿಂದಲೂ ಬಿದಿರಿನಿಂದಲೂ ರೂಪಿಸಿ, ಒತ್ತಿ, ಮುರಿದು, ಕುದಿಸಿ ನೋಡುವುದರಲ್ಲಿ ದಶಕಗಳನ್ನು ಕಳೆದಿದೆ. ತೆಳುಪೊರೆಯ ದಿಮ್ಮಿಗೆ 1999ರಲ್ಲಿ ಐಎಸ್ 14616 ಎಂಬ ಭಾರತೀಯ ಮಾನಕವೂ ಬಂದಿತು. ಗಂಟಿಲ್ಲದ ಚಿಕ್ಕ ಮರದ ತುಂಡನ್ನು ಪರೀಕ್ಷಿಸುವ ಕ್ರಮವನ್ನು ಐಎಸ್ 1708 ಹೇಳುತ್ತದೆ. ಬಾಗುವ ಪರೀಕ್ಷೆಗೆ ಅದು ವಿಧಿಸುವ ತುಂಡು 2 ಸೆಂಟಿಮೀಟರ್ ಚೌಕದ್ದು, 30 ಸೆಂಟಿಮೀಟರ್ ಉದ್ದದ್ದು, ಇಲ್ಲವೇ 5 ಸೆಂಟಿಮೀಟರ್ ಚೌಕದ್ದು, 75 ಸೆಂಟಿಮೀಟರ್ ಉದ್ದದ್ದು. ಇಂತಹ ನಿರ್ದೋಷವಾದ ತುಂಡಿನ ಬಲವನ್ನು ಕಂಡು ಇಡೀ ತೊಲೆಯ ಬಲವನ್ನು ಊಹಿಸಿದರೆ ಮೋಸಹೋಗುತ್ತೇವೆ. ನಿಜವಾದ ತೊಲೆಯಲ್ಲಿ ಗಂಟೂ ಇರುತ್ತದೆ, ಓರೆನಾರೂ ಇರುತ್ತದೆ, ಹಲಗೆಗಳ ತುದಿಗಳನ್ನು ಕೂಡಿಸಿದ ಬೆರಳುಜೋಡಣೆಯೂ ಇರುತ್ತದೆ. ಆದುದರಿಂದ ಪೂರ್ಣಗಾತ್ರದ ತೊಲೆಯನ್ನೇ ಮುರಿದು ನೋಡಬೇಕು.

ಹಾಗೆ ಮುರಿಯುವುದು ಒಂದು ಗಂಭೀರವಾದ ಕರ್ಮ. ತೊಲೆಯ ಎರಡು ತುದಿಗಳನ್ನೂ ಉಕ್ಕಿನ ಉರುಳೆಗಳ ಮೇಲೆ ಇರಿಸುತ್ತಾರೆ. ಯುರೋಪಿನ ಮಾನಕದಂತೆ ಆ ಎರಡು ಆಧಾರಗಳ ನಡುವಣ ಹರವು ತೊಲೆಯ ಆಳದ ಹದಿನೆಂಟರಷ್ಟಿರತಕ್ಕದ್ದು. ಎಂದರೆ 20 ಸೆಂಟಿಮೀಟರ್ ಆಳದ ತೊಲೆಗೆ 3.6 ಮೀಟರ್. ಭಾರವನ್ನು ನಟ್ಟನಡುವೆ ಒಂದೇ ಕಡೆ ಇಡುವುದಿಲ್ಲ; ಹರವನ್ನು ಮೂರು ಸಮಭಾಗ ಮಾಡಿ, ಆ ಎರಡು ಗುರುತುಗಳ ಮೇಲೆ ಸಮನಾಗಿ ಒತ್ತುತ್ತಾರೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ಹೀಗೆ ಒತ್ತಿದಾಗ ನಡುವಣ ಮೂರನೆಯ ಒಂದು ಭಾಗದಲ್ಲಿ ಶುದ್ಧವಾದ ಬಾಗುವಿಕೆ ಮಾತ್ರ ಇರುತ್ತದೆ, ಪದರಗಳನ್ನು ಜಾರಿಸುವ ಬಲ ಅಲ್ಲಿರುವುದಿಲ್ಲ. ಅಕ್ಕಪಕ್ಕದ ಭಾಗಗಳಲ್ಲಿ ಜಾರುವ ಬಲ ಪ್ರಬಲವಾಗಿರುತ್ತದೆ. ತೊಲೆ ನಡುವೆ ಮುರಿದರೆ ಮರದ ಸೋಲು, ತುದಿಯ ಕಡೆ ಪದರಗಳು ಒಂದರ ಮೇಲೊಂದು ಸರಿದರೆ ಬಹುಶಃ ಅಂಟಿನ ಸೋಲು ಎಂದು ಮುರಿದ ಜಾಗವೇ ಸಾಕ್ಷಿ ನುಡಿಯುತ್ತದೆ.

ಯಂತ್ರವು ಸುಮಾರು ಐದು ನಿಮಿಷಗಳಲ್ಲಿ ತೊಲೆ ಮುರಿಯುವಂತೆ ಭಾರವನ್ನು ಸಮವೇಗದಿಂದ ಏರಿಸುತ್ತದೆ. ಮೊದಮೊದಲು ಭಾರ ಎಷ್ಟು ಪಟ್ಟು ಏರಿತೋ ಬಾಗು ಅಷ್ಟೇ ಪಟ್ಟು ಏರುತ್ತದೆ. ಕಾಗದದ ಮೇಲೆ ಗೆರೆ ನೇರವಾಗಿ ಮೇಲೇರುತ್ತದೆ. ಆ ಗೆರೆಯ ಕಡಿದಿನಿಂದ ಮರದ ಬಿಗುಪಿನ ಗುಣಾಂಕವನ್ನು ಲೆಕ್ಕಹಾಕುತ್ತಾರೆ. ಗೃಹಸ್ಥನಿಗೆ ಹೆಚ್ಚು ಮುಖ್ಯವಾದದ್ದು ಈ ಭಾಗವೇ, ಏಕೆಂದರೆ ಮನೆಯಲ್ಲಿ ತೊಲೆಗಳು ಮುರಿಯುವುದಕ್ಕಿಂತ ಜಗ್ಗುವುದೇ ಹೆಚ್ಚು. ಮರದ ಕಟ್ಟಡಗಳ ಭಾರತೀಯ ಸಂಹಿತೆಯಾದ ಐಎಸ್ 883 ಹರವಿನ 240ರಲ್ಲಿ ಒಂದು ಪಾಲಿಗಿಂತ, ಹೆಂಚು ಮುಂತಾದ ಬಿರಿಯುವ ವಸ್ತು ಮೇಲಿದ್ದರೆ 360ರಲ್ಲಿ ಒಂದು ಪಾಲಿಗಿಂತ ಹೆಚ್ಚು ಜಗ್ಗಕೂಡದೆನ್ನುತ್ತದೆ. 3.6 ಮೀಟರಿನ ಹರವಿಗೆ ಇದು 15 ಮಿಲಿಮೀಟರ್ ಮತ್ತು 10 ಮಿಲಿಮೀಟರ್ ಆಗುತ್ತದೆ. ಮುಂದೆ ಒಂದು ಘಟ್ಟದಲ್ಲಿ ಗೆರೆ ನೇರವನ್ನು ಬಿಟ್ಟು ಬಳುಕತೊಡಗುತ್ತದೆ; ಮೇಲ್ಮೈಯ ನಾರುಗಳು ಒತ್ತಡಕ್ಕೆ ಸುಕ್ಕುಗಟ್ಟುತ್ತವೆ; ಒಳಗಿನಿಂದ ಚಿಟಿಚಿಟಿ ಎಂಬ ಸದ್ದು ಆರಂಭವಾಗುತ್ತದೆ; ಕೊನೆಗೆ ಕೆಳಗಿನ ಹಲಗೆಯು ಒಂದು ಗಂಟಿನ ಬಳಿಯಲ್ಲೋ ಬೆರಳುಜೋಡಣೆಯಲ್ಲೋ ಎಳೆತಕ್ಕೆ ಹರಿದು, ಸೀಳು ಮೇಲಕ್ಕೆ ಓಡುತ್ತದೆ. ಕೆಳಗಿನ ಹಲಗೆಯನ್ನೇ ಅತ್ಯಂತ ಜಾಗರೂಕತೆಯಿಂದ ಆರಿಸಬೇಕೆಂಬ ನಿಯಮ ಹುಟ್ಟಿರುವುದು ಇಂತಹ ನೂರಾರು ಭಂಗಗಳನ್ನು ಕಂಡ ಮೇಲೆ.

ಮುರಿದ ತೊಲೆಯನ್ನು ಎಸೆಯುವವನು ಅರ್ಧ ಪರೀಕ್ಷೆಯನ್ನಷ್ಟೇ ಮಾಡಿದಂತೆ. ಮುರಿದ ಮುಖಗಳನ್ನು ಬೆಳಕಿಗೆ ಹಿಡಿದು ಓದಬೇಕು. ಅಂಟಿನ ಪದರದ ಉದ್ದಕ್ಕೂ ಮರದ ನಾರು ಹರಿದು ಎರಡೂ ಕಡೆ ಅಂಟಿಕೊಂಡಿದ್ದರೆ, ಅಂಟು ಮರಕ್ಕಿಂತ ಬಲವಾಗಿತ್ತೆಂದು ಅರ್ಥ. ನಾರಿನ ಸುಳಿವೇ ಇಲ್ಲದೆ ನುಣುಪಾದ, ಹೊಳೆಯುವ ಅಂಟಿನ ಮೈ ಕಂಡರೆ, ಆ ತೊಲೆ ಎಷ್ಟೇ ಭಾರ ಹೊತ್ತು ಮುರಿದಿರಲಿ, ಅದನ್ನು ಮನೆಗೆ ಸೇರಿಸಕೂಡದು. ಸಾಗವಾನಿಯಂತಹ ಎಣ್ಣೆಯ ಅಂಶವುಳ್ಳ ಮರದಲ್ಲಿ ಈ ಅಪಾಯ ಹೆಚ್ಚು. ಹಲಗೆಗೆ ಆಗತಾನೆ ಉಜ್ಜುಗೊರಡು ಹೊಡೆದು, ಎಣ್ಣೆ ಮತ್ತೆ ಮೇಲ್ಮೈಗೆ ಜಿನುಗುವುದಕ್ಕೆ ಮುಂಚೆ ಅಂಟು ಹಚ್ಚದಿದ್ದರೆ, ನಾಡಿನ ಶ್ರೇಷ್ಠವಾದ ಮರವೇ ಅಂಟಿಗೆ ಶತ್ರುವಾಗುತ್ತದೆ.

ಇದಾದ ಮೇಲೆ ನೀರಿನ ಪರೀಕ್ಷೆ. ತೊಲೆಯ ತುದಿಯ ತುಂಡನ್ನು ನೀರು ತುಂಬಿದ ಭದ್ರವಾದ ಪಾತ್ರೆಯಲ್ಲಿ ಮುಳುಗಿಸಿ, ಗಾಳಿಯನ್ನು ಹೀರಿ, ಅನಂತರ ಒತ್ತಡ ಕೊಟ್ಟು ನಾರುನಾರಿಗೂ ನೀರನ್ನು ತುಂಬಿ, ಮರಳಿ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಉಬ್ಬಿ ಕುಗ್ಗುವ ಆ ಹಿಂಸೆಯಲ್ಲಿ ಅಂಟಿನ ಗೆರೆ ಎಷ್ಟು ಉದ್ದ ಬಾಯಿಬಿಟ್ಟಿತೆಂದು ಅಳೆಯುತ್ತಾರೆ. ಹಡಗಿನ ಕೆಲಸದ ಪ್ಲೈವುಡ್ಡನ್ನು 72 ಗಂಟೆಗಳ ಕಾಲ ಕುದಿಸಿ ನೋಡುವ ಪದ್ಧತಿಯ ಉದ್ದೇಶವೂ ಇದೇ. ಹೊರಾಂಗಣದ ಅಂಟುತೊಲೆಗಳ ಅಂಟಿಗೆ ಐಎಸ್ 9188 ಎಂಬ ಪ್ರತ್ಯೇಕ ಮಾನಕವೇ ಇದೆ. ವೈಶಾಖದಲ್ಲಿ ಗಾಳಿ ಸುಟ್ಟಂತೆ ಒಣಗಿ, ಭಾದ್ರಪದದಲ್ಲಿ ಮೇಲ್ಮುದ್ದೆ ವಾರಗಟ್ಟಲೆ ಹಸಿಯಾಗಿರುವ ನಮ್ಮ ಬಯಲಿನಲ್ಲಿ, ಮರ ವರ್ಷಕ್ಕೊಮ್ಮೆ ಈ ಪರೀಕ್ಷೆಗೆ ತಾನಾಗಿ ಒಳಗಾಗುತ್ತದೆ. ಎರಡು ಜಾತಿಯ ಮರಗಳು ಬೇರೆ ಬೇರೆ ಪ್ರಮಾಣದಲ್ಲಿ ಉಬ್ಬುವುದರಿಂದ ಮಿಶ್ರಜಾತಿಯ ತೊಲೆಯಲ್ಲಿ ಅಂಟಿನ ಮೇಲೆ ಬೀಳುವ ಜಗ್ಗಾಟ ಇಮ್ಮಡಿಯಾದೀತು. ನಾನು ಮೇಲೆ ಹೇಳಿದ ಹೆಬ್ಬೇವು, ಬಳ್ಳಾರಿ ಜಾಲಿಗಳ ಭರವಸೆ ಗೆಲ್ಲುವುದೋ ಸೋಲುವುದೋ ಈ ಪಾತ್ರೆಯಲ್ಲಿ ತೀರ್ಮಾನವಾಗಬೇಕು.

ಇಷ್ಟಾದರೂ ಯಂತ್ರದ ಐದು ನಿಮಿಷವೆಲ್ಲಿ, ಮನೆಯ ಐವತ್ತು ವರ್ಷವೆಲ್ಲಿ? ಅಮೆರಿಕದ ಮ್ಯಾಡಿಸನ್ ಪಟ್ಟಣದ ಅರಣ್ಯೋತ್ಪನ್ನ ಪ್ರಯೋಗಾಲಯದ ಲೈಮನ್ ವುಡ್ 1951ರಲ್ಲಿ ಪ್ರಕಟಿಸಿದ ವಕ್ರರೇಖೆಯಂತೆ, ನಿಮಿಷಗಳಲ್ಲಿ ಮುರಿಯುವ ಭಾರದ ನೂರಕ್ಕೆ ಅರವತ್ತಕ್ಕೆ ಸ್ವಲ್ಪ ಮೇಲಾದಷ್ಟು ಭಾರವನ್ನು ಮಾತ್ರ ಮರವು ಹತ್ತು ವರ್ಷ ಹೊರಬಲ್ಲುದು. ಮಾಳಿಗೆಯ ಮಣ್ಣು ಎಂದೂ ಇಳಿಯದ ಭಾರವಾದ್ದರಿಂದ ಈ ಕಡಿತವನ್ನು ನಾವು ಮರೆಯಲಾಗದು. ಇದರ ಜೊತೆಗೆ, ಹತ್ತಾರು ತೊಲೆಗಳನ್ನು ಮುರಿದು ಬಂದ ಸರಾಸರಿಯನ್ನು ನಂಬುವುದೂ ತಪ್ಪು. ಸರಾಸರಿಗಿಂತ ಕೆಳಗಿರುವ ತೊಲೆ ಯಾರದೋ ಮನೆಯ ಮೇಲೆ ಬಂದೇ ಬರುತ್ತದೆ. ಆದುದರಿಂದ ನೂರರಲ್ಲಿ ಐದು ಮಾತ್ರ ಯಾವ ಬಲಕ್ಕಿಂತ ಕೆಳಗಿಳಿಯುವುವೋ ಆ ಬಲವನ್ನೇ ಆಧಾರವಾಗಿ ಹಿಡಿದು, ಅದರಿಂದಲೂ ಸುರಕ್ಷೆಗೆಂದು ಕಳೆದು, ಉಳಿದದ್ದನ್ನು ಇಂಜಿನಿಯರನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ. ಅತ್ಯಂತ ದುರ್ಬಲವಾದುದನ್ನು ಅಳತೆಗೋಲಾಗಿ ಹಿಡಿಯುವ ಈ ಕ್ರಮದಲ್ಲಿ ನನಗೆ ವಿಜ್ಞಾನದ ದಯಾಗುಣವೊಂದು ಕಾಣುತ್ತದೆ.

ಹೊಸ ವಸ್ತುವನ್ನು ಜನ ನಂಬುವುದು ಹೇಗೆಂಬುದಕ್ಕೆ ಮ್ಯಾಡಿಸನ್ ಪ್ರಯೋಗಾಲಯವೇ ಒಂದು ನಿದರ್ಶನ. 1934ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಪೆಷ್ಟಿಗೋ ಎಂಬ ಊರಿನ ಶಾಲೆಯ ವ್ಯಾಯಾಮಮಂದಿರಕ್ಕೆ ಅಂಟಿನ ಕಮಾನುಗಳನ್ನು ಹಾಕಲು ಹೊರಟಾಗ, ಬರಿಯ ಅಂಟನ್ನು ನಂಬಲೊಲ್ಲದ ಅಧಿಕಾರಿಗಳು ಕಬ್ಬಿಣದ ಪಟ್ಟಿ ಬೋಲ್ಟುಗಳನ್ನೂ ಬಿಗಿಸಬೇಕೆಂದು ಹಟ ಹಿಡಿದರು. ಅದೇ ವರ್ಷ ಪ್ರಯೋಗಾಲಯದವರು ತಮ್ಮ ಆವರಣದಲ್ಲಿಯೇ ಅಂಥ ಕಮಾನುಗಳ ಕಟ್ಟಡವನ್ನು ನಿಲ್ಲಿಸಿ, ಕಮಾನುಗಳಿಗೆ ಭಾರ ಹೇರಿ ಪರೀಕ್ಷಿಸಿದರು, 1939ರಲ್ಲಿ ಟಿ. ಆರ್. ಸಿ. ವಿಲ್ಸನ್ ಬರೆದ ವರದಿ ಹೊರಬಿದ್ದ ಮೇಲೆ ಆ ದೇಶದಲ್ಲಿ ಅಂಟಿನ ಮರದ ವಿನ್ಯಾಸಕ್ಕೆ ಶಾಸ್ತ್ರೀಯವಾದ ಆಧಾರ ದೊರೆಯಿತು.

ಅಂತಹ ಕಾರ್ಯಕ್ಕೆ ಬೇಕಾದ ಸಲಕರಣೆ ನಮ್ಮ ಜಿಲ್ಲೆಯಲ್ಲಿ ಇಲ್ಲದೆ ಇಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಿವಿಲ್ ಇಂಜಿನಿಯರಿಂಗ್ ಪಠ್ಯಕ್ರಮದ ವಸ್ತುಪರೀಕ್ಷಾ ಪ್ರಯೋಗಗಳಲ್ಲಿ, ಎರಡು ಬಿಂದುಗಳ ಭಾರದಲ್ಲಿ ಮರವನ್ನು ಬಾಗಿಸುವ ಪ್ರಯೋಗವೂ ಸೇರಿಬಂದಿದೆ. ಗದಗಿನ ತೋಂಟದಾರ್ಯ ಇಂಜಿನಿಯರಿಂಗ್ ಕಾಲೇಜಿನವರೂ ಲಕ್ಷ್ಮೇಶ್ವರದ ಅಗಡಿ ಇಂಜಿನಿಯರಿಂಗ್ ಕಾಲೇಜಿನವರೂ ಆ ಪ್ರಯೋಗವನ್ನು ಅಂಕಗಳಿಗಷ್ಟೇ ಮೀಸಲಾಗಿಡದೆ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಬಡಿಗೇರ ಮನೆತನಗಳನ್ನು ಜೊತೆಗೆ ಕರೆದುಕೊಂಡು, ನಮ್ಮ ಬದುವಿನ ಮರಗಳಿಂದ ಅಂಟಿನ ತೊಲೆಗಳನ್ನು ಮಾಡಿಸಿ, ಮುರಿದು, ನೆನೆಸಿ, ಬಂದ ಅಂಕಿಗಳನ್ನು ಕನ್ನಡದಲ್ಲಿ ಪ್ರಕಟಿಸಬೇಕೆಂದು ನಾನು ವಿನಂತಿಸುತ್ತೇನೆ. ಮನೆ ಕಟ್ಟಿಸುವ ಓದುಗರಲ್ಲಿ ಕೇಳಿಕೊಳ್ಳುವುದೂ ಒಂದಿದೆ: ಅಂಟಿನ ತೊಲೆಯನ್ನು ಮಾರಲು ಬಂದವನನ್ನು ಬೆಲೆ ಕೇಳುವ ಮೊದಲು ಅಂಟು ಯಾವುದು, ಯಾವ ಮಾನಕದಂತೆ ಪರೀಕ್ಷೆಯಾಗಿದೆ, ಎಷ್ಟು ಹರವಿಗೆ ಎಷ್ಟು ಭಾರ ಎಂದು ಕೇಳಿರಿ, ಉತ್ತರ ಕಾಗದದ ಮೇಲೆ ಬರೆದು ಬಂದರೆ ಮಾತ್ರ ಕೊಳ್ಳಿರಿ.